ಎರಡು ಉತ್ತರವೂ ಸರಿ ಅನ್ನಿಸಿದಾಗ ಏನು ಮಾಡಬೇಕು?

ಪ್ರಶ್ನೆ: ವಿಜಯನಗರದ ಪಿಜಿಯಲ್ಲಿದ್ದುಕೊಂಡು ಸರ್ಕಾರಿ ಕೆಲಸದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುತ್ತಿದ್ದೇನೆ. ಮೊದಲೆರಡು ಪದಗಳ ನಂಟು ನೋಡಿ ಮೂರನೆಯದಕ್ಕೆ ಅಂಥದ್ದೇ ಜೋಡಿ ಹುಡುಕುವ ಪದಸಂಬಂಧದ ಪ್ರಶ್ನೆಗಳಲ್ಲಿ ಎಲ್ಲ ಪದಗಳ ಅರ್ಥವೂ ಗೊತ್ತಿರುತ್ತದೆ. ಆದರೂ ಕೊನೆಗೆ ಎರಡು ಆಯ್ಕೆ ಸರಿ ಅನ್ನಿಸುತ್ತವೆ. ಸುಮ್ನೆ ಒಂದಕ್ಕೆ ಗುರುತು ಹಾಕಿ ಬರುತ್ತೇನೆ. ಇದಕ್ಕೇನಾದರೂ ದಾರಿ ಇದೆಯಾ?

ಇದೆ. ಮೊದಲೆರಡು ಪದ ಓದುತ್ತಿದ್ದಂತೆ ಕಣ್ಣು ಆಯ್ಕೆಗಳ ಕಡೆ ಓಡುತ್ತದೆ, ಅಲ್ವಾ? ಎಡವುವುದು ಅಲ್ಲೇ. ಆಯ್ಕೆಗಳನ್ನು ಕೈಯಿಂದ ಮುಚ್ಚಿ. ಆ ಎರಡು ಪದ ಸೇರಿಸಿ ಒಂದು ಚಿಕ್ಕ ವಾಕ್ಯ ಕಟ್ಟಿ.

ಕುಂಬಾರ : ಮಡಕೆ :: ಕಮ್ಮಾರ : ?
ಕಬ್ಬಿಣ, ಕುಲುಮೆ, ಕುಡುಗೋಲು, ಇದ್ದಿಲು.

‘ಕುಂಬಾರನ ಹತ್ತಿರ ಮಡಕೆ ಇರುತ್ತದೆ’ ಅಂದುಕೊಂಡರೆ ನಾಲ್ಕೂ ಸರಿಯೇ. ಕಮ್ಮಾರನ ಹತ್ತಿರ ಇವೆಲ್ಲವೂ ಇರುತ್ತವೆ. ‘ಕುಂಬಾರ ಮಡಕೆ ಮಾಡುತ್ತಾನೆ’ ಅನ್ನಿ. ಈಗ ಕುಡುಗೋಲು ಮಾತ್ರ ಉಳಿಯಿತು. ಎರಡು ಉತ್ತರ ಉಳಿದಿವೆ ಅಂದರೆ ನಿಮ್ಮ ವಾಕ್ಯ ಇನ್ನೂ ಸಡಿಲವಾಗಿದೆ. ಬಿಗಿ ಮಾಡಿ, ಒಂದು ತಾನಾಗಿ ಉದುರುತ್ತದೆ.

ಕನ್ನಡ ಪತ್ರಿಕೆಯಲ್ಲಿ ಇನ್ನೊಂದು ಮಜಲು ಇದೆ. ನನಗೆ ತುಂಬಾ ಇಷ್ಟವಾದದ್ದೂ ಇದೇ.

ಪಕ್ಷಿ : ಹಕ್ಕಿ :: ಕಾವ್ಯ : ?
ಕವಿ, ಕವನ, ಕಬ್ಬ, ಹಾಡು.

ಪಕ್ಷಿ ಅಂದರೂ ಹಕ್ಕಿ ಅಂದರೂ ಒಂದೇ ಅಂತ ಜಾಸ್ತಿ ಜನ ಕವನಕ್ಕೆ ಗುರುತು ಹಾಕುತ್ತಾರೆ. ಅರ್ಥ ಹತ್ತಿರದ್ದೇ, ಆದರೆ ವಾಕ್ಯ ಸಡಿಲ. ‘ಪಕ್ಷಿ ಅನ್ನುವ ಸಂಸ್ಕೃತ ಪದ ಕನ್ನಡದ ಬಾಯಲ್ಲಿ ಹಕ್ಕಿ ಆಯಿತು’ ಅಂತ ಹೇಳಿ ನೋಡಿ. ತತ್ಸಮ, ತದ್ಭವದ ನಂಟು ಕಾಣುತ್ತದೆ. ಕಾವ್ಯ ಹಾಗೆಯೇ ಕಬ್ಬ ಆಯಿತು. ಎಸ್ಸೆಸ್ಸೆಲ್ಸಿಯಲ್ಲಿ ಮಾಡಿದ ಸಂಧಿಯೂ ಹೀಗೇ ಬರುತ್ತದೆ. ಮಳೆಗಾಲದ ಪಕ್ಕ ಆದೇಶಸಂಧಿ ಇದ್ದರೆ ಊರೂರು ಪಕ್ಕ ಲೋಪಸಂಧಿ. ಹಾಗಾಗಿ ಅರ್ಥದಲ್ಲಿ ನಂಟು ಸರಿಹೋಗದಿದ್ದರೆ ವ್ಯಾಕರಣದಲ್ಲಿ ಹುಡುಕಿ.

ಪದಗಳ ಕ್ರಮವನ್ನೂ ಮರೆಯಬೇಡಿ. ಬೆರಳು : ಕೈ ಇದ್ದರೆ ಕೊಂಬೆ : ಮರ ಸರಿ, ಮರ : ಕೊಂಬೆ ತಪ್ಪು.

ಕೆಲವು ನಂಟು ಮಾತ್ರ ಬದುಕಿನಿಂದಲೇ ಬರಬೇಕು. ಅಮೆರಿಕದಲ್ಲಿ ಕಾಲೇಜು ಸೇರಲು ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ ಒಮ್ಮೆ ದೋಣಿ ಪಂದ್ಯದ ಹೆಸರು ಉತ್ತರವಾಗಿತ್ತು. ಅಂಥ ಪಂದ್ಯ ನೋಡಿ ಬೆಳೆದ ಸಿರಿವಂತರ ಮಕ್ಕಳಿಗಷ್ಟೇ ಅದು ಸುಲಭ ಅನ್ನುವ ಟೀಕೆ ಬಂತು. 2005ರಲ್ಲಿ ಆ ಪರೀಕ್ಷೆ ಪದಸಂಬಂಧದ ಪ್ರಶ್ನೆಗಳನ್ನೇ ಕೈಬಿಟ್ಟಿತು. ಆ ಟೀಕೆ ನನಗೆ ನ್ಯಾಯ ಅನ್ನಿಸುತ್ತದೆ.

ನಮ್ಮಲ್ಲೂ ಅಂಥವು ಇವೆ. ಹೂವು : ಮೊಳ :: ಸೊಪ್ಪು : ? ಆಯ್ಕೆಗಳು ಹಸಿರು, ಬೇರು, ಕಟ್ಟು, ಸಾರು. ಹೂವನ್ನು ಆ್ಯಪಿನಲ್ಲೇ ತರಿಸುವ ಮನೆಯ ಮಗುವಿಗೆ ಮೊಳ ಬರೀ ಒಂದು ಪದ. ಪುಸ್ತಕ ಮುಚ್ಚಿ ಒಂದು ಸಂಜೆ ಗಾಂಧಿ ಬಜಾರಿಗೆ ಹೋಗಿ ಬನ್ನಿ. ಹೂವಿನಮ್ಮ ಮಲ್ಲಿಗೆ ದಂಡೆಯ ತುದಿಯನ್ನು ಮೊಣಕೈಗೆ ಒತ್ತಿ, ನಡುಬೆರಳ ತುದಿಯವರೆಗೆ ಎಳೆದು, ಕೊಸರಿಗೆ ಇನ್ನೊಂದು ಗೇಣು ಬಿಟ್ಟು ಕತ್ತರಿಸುತ್ತಾರೆ. ಪಕ್ಕದಲ್ಲೇ ದಂಟಿನ ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತಿರುತ್ತಾರೆ.