ಓದುಗರ ಪ್ರಶ್ನೆ: ಕಾರಿನ ರೂಫ್ ಲೈಟಿಗೆ ಮನೆಯಲ್ಲೇ ಎಲ್‌ಇಡಿ ಜೋಡಿಸಿದರೆ ಎಷ್ಟು ಓಮ್‌ನ ರೆಸಿಸ್ಟರ್ ಬೇಕು?

ಪ್ರಶ್ನೆ: ನಾನು ಇಳಕಲ್ಲಿನವನು. ಸೀರೆಗಳನ್ನು ಕಾರಿನಲ್ಲಿ ಒಯ್ದು ಬಾಗಲಕೋಟೆ, ವಿಜಯಪುರದ ಅಂಗಡಿಗಳಿಗೆ ಕೊಟ್ಟು ಬರುತ್ತೇನೆ. ಕತ್ತಲಾದ ಮೇಲೆ ಕಾರಿನೊಳಗಿನ ದೀಪದಲ್ಲಿ ಬಿಲ್ ಓದಲಾಗುವುದಿಲ್ಲ, ಸೀರೆಯ ಬಣ್ಣವೂ ತಿಳಿಯುವುದಿಲ್ಲ. ಬಿಡಿ ಎಲ್‌ಇಡಿಗಳನ್ನು ತಂದು ನಾನೇ ಬೋರ್ಡ್ ಮಾಡಿಕೊಳ್ಳಬೇಕೆಂದಿದ್ದೇನೆ. ಬ್ಯಾಟರಿ 12 ವೋಲ್ಟಿನದು. ಒಂದು ಸಾಲಿಗೆ ಎಷ್ಟು ಎಲ್‌ಇಡಿ ಜೋಡಿಸಿ, ಎಷ್ಟು ಓಮ್‌ನ ರೆಸಿಸ್ಟರ್ ಹಾಕಬೇಕು?

ಉತ್ತರ: ಸಾಲಿಗೆ ಮೂರು ಬಿಳಿ ಎಲ್‌ಇಡಿ, ಜೊತೆಗೆ 150 ಓಮ್‌ನ, ಅರ್ಧ ವ್ಯಾಟಿನ ಒಂದು ರೆಸಿಸ್ಟರ್. ಅಂತಹ ಮೂರು ಸಾಲುಗಳಿದ್ದರೆ ಸಾಮಾನ್ಯ ಕಾರಿನ ರೂಫ್ ಲೈಟಿಗೆ ಸಾಕು. ಆದರೆ ಈ ಅಂಕಿ ಹೇಗೆ ಬಂತೆಂಬುದು ತಿಳಿದಿದ್ದರೆ ಅಂಗಡಿಯಲ್ಲಿ ಬೇರೆ ಮಾದರಿಯ ಎಲ್‌ಇಡಿ ಸಿಕ್ಕಾಗಲೂ ನೀವೇ ಲೆಕ್ಕ ಹಾಕಿಕೊಳ್ಳಬಹುದಾದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ತಿದ್ದಿಕೊಳ್ಳಬೇಕಾದದ್ದು ನಿಮ್ಮ ಪ್ರಶ್ನೆಯಲ್ಲಿರುವ 12 ವೋಲ್ಟ್ ಎಂಬ ಅಂಕಿಯನ್ನೇ. ಪೂರ್ತಿ ಚಾರ್ಜ್ ಆದ ಬ್ಯಾಟರಿ, ಎಂಜಿನ್ ನಿಂತಿರುವಾಗ, ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಚಾಲೂ ಆಗಿ ಆಲ್ಟರ್ನೇಟರ್ ಚಾರ್ಜ್ ಮಾಡತೊಡಗಿದರೆ ಅದೇ ತಂತಿಯಲ್ಲಿ 13.8ರಿಂದ 14.4 ವೋಲ್ಟ್ ಇರುತ್ತದೆ. ಎಲ್‌ಇಡಿ ಸುಡಬಾರದೆಂಬ ಲೆಕ್ಕವನ್ನು 14.4ಕ್ಕೆ ಹಾಕಬೇಕು, ಬೆಳಕು ಸಾಲುತ್ತದೆಯೇ ಎಂಬುದನ್ನು 12.6ಕ್ಕೆ ನೋಡಬೇಕು.

ಬಿಳಿ ಎಲ್‌ಇಡಿಯ ಒಳಗಿರುವುದು ವಾಸ್ತವದಲ್ಲಿ ನೀಲಿ ಬೆಳಕಿನ ಚಿಪ್. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಆ ನೀಲಿಯ ಒಂದು ಪಾಲನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ನೀಲಿ ಎಲ್‌ಇಡಿಗಾಗಿಯೇ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದಿತು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿಗೇ ಬೆಳಗಿದರೆ, ನೀಲಿ ಚಿಪ್‌ಗೆ 3 ವೋಲ್ಟಿನ ಆಸುಪಾಸು ಬೇಕು. ನಾವು 3.1 ಎಂದಿಟ್ಟುಕೊಳ್ಳೋಣ. ಮೂರಕ್ಕೆ 9.3 ವೋಲ್ಟ್ ಆಯಿತು. 14.4ರಲ್ಲಿ ಅದನ್ನು ಕಳೆದರೆ ಉಳಿಯುವ 5.1 ವೋಲ್ಟನ್ನು ರೆಸಿಸ್ಟರ್ ಹೊರಬೇಕು. 5.1ನ್ನು 150ರಿಂದ ಭಾಗಿಸಿದರೆ 34 ಮಿಲಿಆಂಪ್. 2835 ಮಾದರಿಯ ಸಣ್ಣ ಚಪ್ಪಟೆ ಎಲ್‌ಇಡಿಗಳು ಸಾಮಾನ್ಯವಾಗಿ 60 ಮಿಲಿಆಂಪ್‌ವರೆಗೆ ತಡೆಯುವಂತಹವು. ಅದರ ಅರ್ಧಕ್ಕಿಂತ ತುಸು ಹೆಚ್ಚಿನಲ್ಲಿ ನಿಲ್ಲುವುದನ್ನು ನಾನು ಬೇಕೆಂದೇ ಆರಿಸಿಕೊಂಡಿದ್ದೇನೆ. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಛಾವಣಿ ಮುಟ್ಟಲಾಗದಷ್ಟು ಕಾಯುತ್ತದೆ, ಎಲ್‌ಇಡಿಯ ಆಯುಷ್ಯವನ್ನು ತಿನ್ನುವುದು ಬಿಸಿಯೇ.

ಹಾಗಾದರೆ ಸಾಲಿಗೆ ನಾಲ್ಕು ಏಕೆ ಬೇಡ? ನಾನು ಮಾಡಿದ ಮೊದಲ ಬೋರ್ಡಿನಲ್ಲಿ ನಾಲ್ಕೇ ಇದ್ದವು. ಎಂಜಿನ್ ಚಾಲೂ ಇಟ್ಟು ಪರೀಕ್ಷಿಸಿದಾಗ ಕ್ಯಾಬಿನ್ ತುಂಬ ಬೆಳಕಾಯಿತು. ರಾತ್ರಿ ಎಂಜಿನ್ ಬಂದ್ ಮಾಡಿ ಬಾಗಿಲು ತೆರೆದರೆ ದೀಪ ಮಿಣಮಿಣ ಎನ್ನುತ್ತಿತ್ತು. ನಾಲ್ಕಕ್ಕೆ 12.4 ವೋಲ್ಟ್ ಬೇಕು. 14.4ರಲ್ಲಿ ರೆಸಿಸ್ಟರಿಗೆ 2 ವೋಲ್ಟ್ ಉಳಿಯುತ್ತದೆ, 12.6ರಲ್ಲಿ ಉಳಿಯುವುದು 0.2 ಮಾತ್ರ. ಮೂರರ ಸಾಲಿನಲ್ಲಾದರೋ ಈ ಉಳಿಕೆ 5.1 ಮತ್ತು 3.3 ವೋಲ್ಟ್ ಆಗಿರುವುದರಿಂದ, ಎಂಜಿನ್ ನಿಂತಾಗಲೂ 22 ಮಿಲಿಆಂಪ್ ಹರಿದು ಬೆಳಕು ತಕ್ಕಮಟ್ಟಿಗೆ ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ಹತ್ತಿರದಿಂದ ನೋಡಿ: ಪ್ರತಿ ಮೂರು ಎಲ್‌ಇಡಿಗೊಮ್ಮೆ ಕತ್ತರಿಸುವ ಗೆರೆ, ಪ್ರತಿ ತುಂಡಿನಲ್ಲೂ ರೆಸಿಸ್ಟರ್. ಕೆಲವದರ ಮೇಲೆ 151 ಎಂದು ಬರೆದಿರುತ್ತದೆ. 15ರ ಮುಂದೆ ಒಂದು ಸೊನ್ನೆ, ಅಂದರೆ ಇದೇ 150 ಓಮ್.

ಮೂರೂ ಸಾಲಿಗೆ ಸೇರಿ ಒಂದೇ ರೆಸಿಸ್ಟರ್ ಹಾಕಿ ಖರ್ಚು ಉಳಿಸಲು ಹೋಗಬೇಡಿ. ಒಂದೇ ಪೊಟ್ಟಣದ ಎಲ್‌ಇಡಿಗಳಲ್ಲಿಯೂ ವೋಲ್ಟೇಜ್ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ. ಕಡಿಮೆ ವೋಲ್ಟಿನ ಸಾಲು ಹೆಚ್ಚು ಕರೆಂಟ್ ಎಳೆದುಕೊಂಡು ಕಾಯುತ್ತದೆ, ಕಾದಂತೆ ಅದರ ವೋಲ್ಟೇಜ್ ಇನ್ನೂ ಇಳಿದು ಮತ್ತಷ್ಟು ಎಳೆದುಕೊಳ್ಳುತ್ತದೆ, ಕೊನೆಗೆ ಅದೇ ಮೊದಲು ಸುಡುತ್ತದೆ.

ಸೀರೆಯ ಬಣ್ಣದ ಮಾತು ಓಮ್‌ನ ಲೆಕ್ಕದಷ್ಟೇ ಮುಖ್ಯವೆಂದು ನನಗನ್ನಿಸುತ್ತದೆ. ಅಗ್ಗದ ಎಲ್‌ಇಡಿಗಳ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಇಳಕಲ್ ಸೀರೆಯ ತೋಪ ತೆನಿ ಸೆರಗಿನ ಕೆಂಪು ಅದರಲ್ಲಿ ಮಂಕಾಗಿ, ಕಂದಿದಂತೆ ಕಾಣುತ್ತದೆ. ಕೊಳ್ಳುವಾಗ, ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆಯಾದ ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚಿರುವ, 4000 ಕೆಲ್ವಿನ್‌ನ ಎಲ್‌ಇಡಿಯನ್ನೇ ಕೇಳಿ. ಬೆಲೆ ತುಸು ಹೆಚ್ಚಾದರೂ ನಿಮ್ಮ ಕಸುಬಿಗೆ ಅದು ಬೇಕು. 6500 ಕೆಲ್ವಿನ್‌ನ ನೀಲಿಛಾಯೆಯ ಬೆಳಕು ಈ ಕೆಲಸಕ್ಕೆ ಒಗ್ಗದು.

ಕಟ್ಟುವ ಕೆಲಸ ಕಷ್ಟದ್ದಲ್ಲ. ಬಹಳಷ್ಟು ಕಾರುಗಳ ರೂಫ್ ಲೈಟಿನಲ್ಲಿ ಎರಡೂ ತುದಿಗೆ ಲೋಹದ ಟೋಪಿಯಿರುವ ಉದ್ದನೆಯ ಬಲ್ಬ್ ಇರುತ್ತದೆ. 31, 36, 41 ಮಿಲಿಮೀಟರ್ ಅದರ ಸಾಮಾನ್ಯ ಅಳತೆಗಳು. ಸುಟ್ಟ ಬಲ್ಬೊಂದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಗಾಜು ಒಡೆದು, ಆ ಟೋಪಿಗಳನ್ನು ಡಾಟ್ ಬೋರ್ಡಿನ (ಸಾಲುಸಾಲು ತೂತುಗಳ ಸುತ್ತ ತಾಮ್ರವಿರುವ ಬೋರ್ಡ್) ತುಂಡಿನ ಎರಡು ತುದಿಗೆ ಬೆಸೆದರೆ ಕಾರಿನ ಒಂದು ತಂತಿಯನ್ನೂ ಕತ್ತರಿಸಬೇಕಾಗಿಲ್ಲ. 2835 ಎಲ್‌ಇಡಿ ಪಕ್ಕಪಕ್ಕದ ಎರಡು ತೂತುಗಳ ತಾಮ್ರದ ಮೇಲೆ ಅಡ್ಡಲಾಗಿ ಕೂಡುತ್ತದೆ. ಹಾಟ್ ಗ್ಲೂ ಮಾತ್ರ ಬಳಸಬೇಡಿ. ನಾನು ಒಮ್ಮೆ ಅದರಿಂದ ಅಂಟಿಸಿದ್ದ ಬೋರ್ಡ್ ಮಧ್ಯಾಹ್ನದ ಬಿಸಿಲಿಗೆ ಸಡಿಲವಾಗಿ, ಎಳೆಎಳೆಯಾಗಿ ಜೋತುಬಿದ್ದ ಅಂಟಿನೊಂದಿಗೆ ದೀಪದ ಮುಚ್ಚಳದೊಳಗೆ ಬಿದ್ದಿತ್ತು.

ಹಳೆಯ ಬಲ್ಬ್ ತೆಗೆಯುವ ಮುನ್ನ ಆ ದೀಪದ ಫ್ಯೂಸ್ ತೆಗೆದಿಡಿ. ಬಹಳಷ್ಟು ಕಾರುಗಳಲ್ಲಿ ದೀಪದ ಒಂದು ತುದಿಗೆ ಸದಾ ಪಾಸಿಟಿವ್ ಇರುತ್ತದೆ, ಬಾಗಿಲಿನ ಸ್ವಿಚ್ ಕೂಡಿಸುವುದು ನೆಗೆಟಿವ್ ಕಡೆಯನ್ನು. ಹೀಗಾಗಿ ದೀಪ ಆರಿದ್ದರೂ ಸ್ಕ್ರೂಡ್ರೈವರ್ ಆ ತುದಿಗೂ ಕಾರಿನ ಲೋಹಕ್ಕೂ ಒಟ್ಟಿಗೆ ತಾಗಿದರೆ ಫ್ಯೂಸ್ ಹೋಗುತ್ತದೆ. ಬಲ್ಬಿಗೆ ದಿಕ್ಕಿಲ್ಲ, ಎಲ್‌ಇಡಿಗೆ ಇದೆ. ಹೊತ್ತದಿದ್ದರೆ ತಿರುಗಿಸಿ ಹಾಕಿ. ಬಾಗಿಲು ಮುಚ್ಚಿದ ಮೇಲೂ ಎಲ್‌ಇಡಿ ಮಂದವಾಗಿ ಹೊಳೆಯುತ್ತಿದ್ದರೆ, ದೀಪವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕದಿಂದ ಅತ್ಯಲ್ಪ ಕರೆಂಟ್ ಸೋರುತ್ತಿದೆಯೆಂದು ತಿಳಿಯಬೇಕು. ಎರಡು ಟೋಪಿಗಳ ನಡುವೆ ಅರ್ಧ ವ್ಯಾಟಿನ 1 ಕಿಲೋಓಮ್ ರೆಸಿಸ್ಟರ್ ಬೆಸೆದರೆ ಸಾಮಾನ್ಯವಾಗಿ ಅದು ನಿಲ್ಲುತ್ತದೆ.

ಬ್ಯಾಟರಿಯ ಮೇಲಿನ ಹೊರೆ ಕಡಿಮೆಯೇ ಆಗುತ್ತದೆ. 10 ವ್ಯಾಟಿನ ಹಳೆಯ ಬಲ್ಬ್ ಮರೆತು ಹನ್ನೆರಡು ತಾಸು ಉರಿದರೆ ಸುಮಾರು 10 ಆಂಪ್-ಅವರ್ ಖರ್ಚು, ಅಂದರೆ 35 ಆಂಪ್-ಅವರ್‌ನ ಬ್ಯಾಟರಿಯ ಕಾಲುಭಾಗಕ್ಕಿಂತ ಹೆಚ್ಚು. ಈ ಬೋರ್ಡ್ ಅಷ್ಟೇ ಹೊತ್ತಿಗೆ ತಿನ್ನುವುದು 0.8ರಷ್ಟು.

ಬೋರ್ಡ್ ಸಿದ್ಧವಾದ ಮೇಲೆ, ಮುಚ್ಚಳ ಹಾಕುವ ಮೊದಲು, ಇಡೀ ಬೋರ್ಡಿಗೆ ಹೋಗುವ ಕರೆಂಟಿನ ದಾರಿಯಲ್ಲಿ ಮಲ್ಟಿಮೀಟರನ್ನು ಸೇರಿಸಿ ಎರಡು ಸಲ ಅಳೆಯಿರಿ. ಎಂಜಿನ್ ನಿಂತಾಗ 66, ಚಾಲೂ ಇದ್ದಾಗ 100 ಮಿಲಿಆಂಪ್‌ನ ಆಸುಪಾಸು ಬರಬೇಕು; 1 ಕಿಲೋಓಮ್ ರೆಸಿಸ್ಟರನ್ನೂ ಹಾಕಿದ್ದರೆ ಇನ್ನೂ 13, 14 ಹೆಚ್ಚು. ಬಹಳ ಹೆಚ್ಚು ಬಂದರೆ ಎಲ್ಲೋ ಒಂದು ರೆಸಿಸ್ಟರನ್ನು ದಾಟಿ ಬೆಸುಗೆ ಹರಿದಿದೆ, ಮೂರನೆಯ ಒಂದು ಪಾಲು ಕಡಿಮೆ ಬಂದರೆ ಒಂದು ಸಾಲು ಕೂಡಿಲ್ಲ ಎಂದು ಹುಡುಕಿ. ಅರ್ಧ ತಾಸು ಉರಿಸಿ ರೆಸಿಸ್ಟರಿನ ಮೇಲೆ ಬೆರಳಿಟ್ಟರೆ ಬೆಚ್ಚಗಿರಬೇಕು, ಚುರುಕ್ಕೆನ್ನಬಾರದು.