ಸುಲಭದ ಪುಸ್ತಕ ಬೇರೆ, ಕೆಟ್ಟ ಪುಸ್ತಕ ಬೇರೆ

ಅಚ್ಚಿಗೆ ಹೋಗುವ ಮುಂಚೆ ಪುಸ್ತಕಗಳನ್ನು ಓದಿ ತಿದ್ದಿಕೊಡುವುದು ನನ್ನ ಕೆಲಸ. ಪುಸ್ತಕದವರು ನಾಲ್ಕು ಜನ ಸೇರಿದ ಕಡೆ ಒಂದು ಮಾತು ಬಂದೇ ಬರುತ್ತದೆ: "ಜಾಸ್ತಿ ಮಾರಾಟ ಆಗೋದೆಲ್ಲ ಕಳಪೆ. ಆದರೂ ಇರಲಿ ಬಿಡಿ, ಜನ ಏನೋ ಒಂದು ಓದ್ತಾರಲ್ಲ." ಈ ಮಾತಿನ ಮೊದಲರ್ಧವನ್ನೂ ನಾನು ಒಪ್ಪುವುದಿಲ್ಲ, ಎರಡನೇ ಅರ್ಧವನ್ನೂ ಒಪ್ಪುವುದಿಲ್ಲ.

ಸುಲಭವಾಗಿ ಓದಿಸಿಕೊಂಡು ಹೋಗುವ, ಮುಂದೇನು ಅಂತ ಮೊದಲೇ ಊಹಿಸಬಹುದಾದ ಕಥೆಯನ್ನೂ ಕಳಪೆ ಅನ್ನುತ್ತೇವೆ. ಯಾರೂ ಕೂತು ತಿದ್ದದೆ ಅಚ್ಚಾದ ಪುಸ್ತಕವನ್ನೂ ಕಳಪೆ ಅನ್ನುತ್ತೇವೆ. ಮೊದಲನೆಯದರಿಂದ ಓದುವ ಅಭ್ಯಾಸಕ್ಕೆ ಲಾಭವೇ ಹೆಚ್ಚು. ಎರಡನೆಯದರಿಂದ ನಷ್ಟ.

ಕನ್ನಡದಲ್ಲಿ ಓದುಗರು ತಾವಾಗಿ ಹುಟ್ಟಿಕೊಂಡವರಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಗಳಗನಾಥರು ಐತಿಹಾಸಿಕ ಕಾದಂಬರಿ ಬರೆದು, ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಎಷ್ಟೋ ಕಾದಂಬರಿಗಳಿಗೆ ಅವರು ಮರಾಠಿಯ ಹರಿ ನಾರಾಯಣ ಆಪ್ಟೆಯವರನ್ನು ಆಧರಿಸಿದ್ದರು. ಮುಂದೆ ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಕಾದು ಕೂತ ಓದುಗರಿದ್ದರು. ವಾರಪತ್ರಿಕೆಗಳಲ್ಲಿ ಧಾರಾವಾಹಿ, ಬೀದಿ ಮೂಲೆಯಲ್ಲಿ ಬಾಡಿಗೆಗೆ ಕಾದಂಬರಿ ಕೊಡುವ ಲೈಬ್ರರಿ. ಕಾಲೇಜಿನ ಮೆಟ್ಟಿಲು ಹತ್ತದ ಎಷ್ಟೋ ಹೆಣ್ಣುಮಕ್ಕಳು ಆ ಲೈಬ್ರರಿಗಳ ಪುಸ್ತಕ ಓದಿಯೇ ಓದುಗರಾದರು. ಅವರು ಓದಿದ್ದನ್ನು ಹಗುರವಾಗಿ ಕಂಡ ಪಂಡಿತರು ಆಗಲೂ ಇದ್ದರು. ತ್ರಿವೇಣಿಯವರು ಜನಪ್ರಿಯ ಲೇಖಕಿ. ಹೆಣ್ಣಿನ ಮನಸ್ಸಿನ ಒಳಗನ್ನು ಅವರಷ್ಟು ಸೂಕ್ಷ್ಮವಾಗಿ ಬರೆದವರು ಆ ಕಾಲದಲ್ಲಿ ಕಡಿಮೆ. ಜನ ಮೆಚ್ಚಿದ್ದೆಲ್ಲ ಕಳಪೆ ಅನ್ನುವವರು ಅವರನ್ನು ಎಲ್ಲಿಡುತ್ತಾರೆ?

ಸುಲಭದ ಪುಸ್ತಕ ಓದುಗನಿಗೆ ಮಾಡುವ ಉಪಕಾರ ಬಹಳ ನೇರವಾದದ್ದು. ಅದು ಓದಿಗೆ ವೇಗ ಕೊಡುತ್ತದೆ. ಇಂಗ್ಲಿಷ್ ಕಲಿಯುವವರ ಓದಿನ ಬಗ್ಗೆ ಭಾಷಾ ಕಲಿಕೆಯ ಸಂಶೋಧಕರಾದ ಮಾರ್ಸೆಲ್ಲಾ ಹು ಮತ್ತು ಪಾಲ್ ನೇಷನ್ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಬೇಕಾದರೆ 100 ಪದಗಳಲ್ಲಿ ಹೆಚ್ಚುಕಡಿಮೆ 98 ಮೊದಲೇ ಗೊತ್ತಿರಬೇಕು ಅಂತ ಅದು ಅಂದಾಜು ಮಾಡಿತು. ಈಗ ನಮ್ಮ ಮನೆಗಳ ಮಕ್ಕಳನ್ನು ನೋಡಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕನ್ನಡವನ್ನು ಚೆನ್ನಾಗಿ ಮಾತಾಡುವ ಹುಡುಗ ಕನ್ನಡ ಪುಟ ಕಂಡರೆ ಒತ್ತಕ್ಷರ ಕೂಡಿಸಿಕೊಂಡು ನಿಧಾನಕ್ಕೆ ಓದುತ್ತಾನೆ. ವಾಕ್ಯ ಮುಗಿಯುವಷ್ಟರಲ್ಲಿ ಅದರ ಮೊದಲು ಮರೆತಿರುತ್ತಾನೆ. ಅವನ ಕೈಗೆ ನೇರವಾಗಿ ಗಂಭೀರ ಕಾದಂಬರಿ ಕೊಟ್ಟರೆ ಅಲ್ಲಿಗೆ ಮುಗಿಯಿತು. ಕೊಲೆ ಯಾರು ಮಾಡಿದರು ಅನ್ನುವ ಕುತೂಹಲ 200 ಪುಟ ಓದಿಸಿದರೆ, ಆ 200 ಪುಟದಲ್ಲಿ ಕಣ್ಣಿಗೆ ಕನ್ನಡ ರೂಢಿಯಾಗುತ್ತದೆ. ಅದು ಸಣ್ಣ ಲಾಭವಲ್ಲ.

ಇವನ್ನು ಓದಿದವರು ಆಮೇಲೆ ಕುವೆಂಪು, ಕಾರಂತರ ಕಡೆ ತಾವಾಗಿಯೇ ಹೋಗುತ್ತಾರೆ ಅನ್ನುವ ನಂಬಿಕೆ ಮಾತ್ರ ನನಗಿಲ್ಲ. ಕೆಲವರು ಹೋಗುತ್ತಾರೆ, ಬಹಳ ಜನ ಹೋಗುವುದಿಲ್ಲ. ಹೋಗಲೇಬೇಕು ಅಂತೇನಿಲ್ಲ ಅಲ್ವಾ? ದಿನವೂ ಅರ್ಧ ಗಂಟೆ ಪತ್ತೇದಾರಿ ಕಾದಂಬರಿ ಓದುವ ನಿವೃತ್ತ ಮೇಷ್ಟ್ರು ಪೂರ್ತಿ ಓದುಗರೇ. ಅವರು ಕೊಟ್ಟ ಹಣದಿಂದ ಪುಸ್ತಕದಂಗಡಿಯ ಬಾಡಿಗೆ ಹುಟ್ಟುತ್ತದೆ. ಪ್ರಕಾಶಕ ಮನಸ್ಸು ಮಾಡಿದರೆ ಒಂದು ಕವನ ಸಂಕಲನದ ಖರ್ಚೂ ಅದರಲ್ಲಿ ಹುಟ್ಟುತ್ತದೆ.

ಇನ್ನು ನನ್ನ ಮೇಜಿನ ಮೇಲೆ ಬರುವ ಇನ್ನೊಂದು ಬಗೆಯ ಕಳಪೆ. ಮೂರನೇ ಅಧ್ಯಾಯದಲ್ಲಿ ತೀರಿಹೋದ ತಾಯಿ ಒಂಬತ್ತರಲ್ಲಿ ಕಾಫಿ ತಂದುಕೊಡುತ್ತಾಳೆ. "ಅವನು ಸಿಟ್ಟಿನಿಂದ ಕೋಪಗೊಂಡು ಕಿರುಚಿದ" ಅನ್ನುವಂಥ ವಾಕ್ಯ ಪುಟಪುಟಕ್ಕೂ ಸಿಗುತ್ತದೆ. ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ, ಹಕಾರ ಇರಬೇಕಾದಲ್ಲಿ ಅಕಾರ. ಹಳ್ಳಿಯ ಅಜ್ಜಿಯೂ ಟಿವಿ ವಾರ್ತೆ ಓದುವವರ ಹಾಗೆ ಮಾತಾಡುತ್ತಾಳೆ. ಕಥೆಗಾರನಿಗೆ ಕಥೆ ಹೇಳುವ ಶಕ್ತಿ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಓದುಗರು ಅದಕ್ಕೆ ಸರಿಯಾಗಿಯೇ ಮರುಳಾಗಿರುತ್ತಾರೆ. ಆ ಶಕ್ತಿಗೆ ತಕ್ಕ ವಾಕ್ಯಗಳನ್ನು ಬರೆಸುವವರು ಇರುವುದಿಲ್ಲ.

ಇದರಿಂದ ಯಾರಿಗೆ ತೊಂದರೆ? ಬಹಳ ಓದಿದವರಿಗಂತೂ ಅಲ್ಲ, ಅವರು ತಪ್ಪನ್ನು ದಾಟಿ ಓದುತ್ತಾರೆ. ಮೇಲೆ ಹೇಳಿದ ಆ ಹುಡುಗನಿಗೆ ತೊಂದರೆ. ಅಚ್ಚಾದದ್ದೇ ಸರಿ ಅಂತ ಅವನು ನಂಬುತ್ತಾನೆ, ಹಾಗೆಯೇ ಬರೆಯಲು ಕಲಿಯುತ್ತಾನೆ. ಇನ್ನೊಂದು ತೊಂದರೆ ನಮ್ಮ ಉದ್ಯಮಕ್ಕೇ. ತಿದ್ದದ ಪುಸ್ತಕ ಒಂದು ಗೆದ್ದರೆ ಸಾಕು, ತಿದ್ದುವ ಖರ್ಚು ದಂಡ ಅನ್ನುವ ತೀರ್ಮಾನಕ್ಕೆ ಬೇರೆಯವರೂ ಬರುತ್ತಾರೆ. ಅದೇ ಧಾಟಿಯ ಹಸ್ತಪ್ರತಿಗಳು ಸಾಲಾಗಿ ಬರುತ್ತವೆ. "ಇದಕ್ಕೆಲ್ಲ ಯಾಕೆ ಸರ್, ಜನ ಓದ್ತಾರೆ" ಅನ್ನುವ ಮಾತು ಕೇಳಿದಾಗ ನನಗೆ ನಿಜವಾಗಲೂ ನೋವಾಗುತ್ತದೆ. ಜನ ಓದುತ್ತಾರೆ ಅನ್ನುವ ಕಾರಣಕ್ಕೇ ತಾನೇ ಇನ್ನೂ ಎಚ್ಚರವಾಗಿ ತಿದ್ದಬೇಕು?

ಒಂದೊಂದು ಅಕ್ಷರದ ಲೋಹದ ಅಚ್ಚು, ಅಂದರೆ ಮೊಳೆ, ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಮರುಮುದ್ರಣ ಅಂದರೆ ಸಾಮಾನ್ಯವಾಗಿ ಮೊಳೆಗಳನ್ನು ಹೊಸದಾಗಿ ಜೋಡಿಸಬೇಕಿತ್ತು. ಆಗ ಯಾರೋ ಒಬ್ಬರು ಕರಡನ್ನು ಮತ್ತೆ ಓದಲೇಬೇಕಾಗುತ್ತಿತ್ತು. ಈಗ ಫೈಲ್ ಸಿದ್ಧವಾಗಿರುತ್ತದೆ, ಹಾಗೇ ಪ್ರೆಸ್ಸಿಗೆ ಹೋಗುತ್ತದೆ. ಮೊದಲ ಮುದ್ರಣದ ತಪ್ಪು ಹತ್ತನೆಯದರಲ್ಲೂ ಅದೇ ಪುಟದಲ್ಲಿ, ಅದೇ ಸಾಲಿನಲ್ಲಿ ಇರುತ್ತದೆ. ಮೊದಲ ಮುದ್ರಣಕ್ಕೆ ದುಡ್ಡಿರಲಿಲ್ಲ, ಆತುರ ಇತ್ತು ಅಂದರೆ ನಾನು ಒಪ್ಪುತ್ತೇನೆ. ಸಾವಿರ ಪ್ರತಿ ಖರ್ಚಾದ ಮೇಲೆ ಆ ಮಾತು ನಿಲ್ಲುವುದಿಲ್ಲ. ಆ ದುಡ್ಡಿನ ಸಣ್ಣ ಪಾಲಿನಲ್ಲಿ, ಒಂದು ವಾರದೊಳಗೆ, ಸಾಧಾರಣ ಗಾತ್ರದ ಕಾದಂಬರಿಯನ್ನು ಓದಿ ತಿದ್ದಬಹುದು. ಸುಮ್ನೆ ಅಕ್ಷರದ ತಪ್ಪಷ್ಟೇ ಅಲ್ಲ, ಲೇಖಕರ ಜೊತೆ ಕೂತು ಆ ಅಜ್ಜಿಯ ಮಾತನ್ನೂ ಸರಿಮಾಡಬಹುದು.

ಓದುಗರೂ ಒಂದು ಸಹಾಯ ಮಾಡಬಹುದು. ಇಷ್ಟಪಟ್ಟು ಓದಿದ ಪುಸ್ತಕದಲ್ಲಿ ತಪ್ಪು ಕಂಡರೆ ಪುಟದ ಸಂಖ್ಯೆ, ಸಾಲು ಬರೆದು ಪ್ರಕಾಶಕರಿಗೆ ಕಳಿಸಿ. ವಿಳಾಸ ಪುಸ್ತಕದ ಮೊದಲ ಪುಟಗಳಲ್ಲೇ ಇರುತ್ತದೆ. ನಮ್ಮಂಥವರು ಹೇಳಿದಾಗ ಖರ್ಚಿನ ಲೆಕ್ಕ ಹಾಕುವವರು, ಕೊಂಡು ಓದಿದವರು ಬರೆದರೆ ಫೈಲ್ ತೆಗೆಸುತ್ತಾರೆ.