ಗುಂಡಿನ ಗ್ಯಾಸ್ ಬೇರೆ, ಪೈಪಿನ ಎಣ್ಣೆ ಬೇರೆ: ಹೈಡ್ರಾಲಿಕ್ ಸಸ್ಪೆನ್ಷನ್ ಕಲಿಯುವವರಿಗೆ ಟಿಪ್ಪಣಿ

"ಕಾರು ಎತ್ತಿನ ಬಂಡಿ ಥರ ಕುಟ್ಟುತ್ತೆ. ಆದರೆ ಎತ್ತರ ಸರಿಯಾಗಿಯೇ ಇದೆ." ಮಾಲೀಕರು ಹೇಳಿದ್ದು ಇಷ್ಟೇ. ಧಾರವಾಡದ ಹಿರಿಯರು, ಪುಣೆಯಲ್ಲಿ ನೆಲೆಸಿ ಬಹಳ ವರ್ಷ ಆಗಿದೆ. ಅವರ ಕಾರು ಹಳೆಯ ಸಿಟ್ರೊಯೆನ್ ಡಿಎಸ್. ಪುಣೆಯ ಭೋಸರಿಯಲ್ಲಿರುವ ನಮ್ಮ ಗ್ಯಾರೇಜಿನಲ್ಲಿ ಅಂಥ ಕಾರನ್ನು ಯಾರೂ ಬಿಚ್ಚಿರಲಿಲ್ಲ.

ಆ ಎರಡು ವಾಕ್ಯದಲ್ಲೇ ಉತ್ತರ ಇತ್ತು. ನನಗೆ ಆಗ ಕೇಳಿಸಲಿಲ್ಲ. ಮುಂದಿನ ಚಕ್ರದ ಸಸ್ಪೆನ್ಷನ್ ಸಿಲಿಂಡರ್ ಹೋಗಿದೆ ಎಂದುಕೊಂಡು ಯುರೋಪಿನಿಂದ ಸೀಲ್ ತರಿಸಿದೆ. ಎರಡು ತಿಂಗಳು ಕಾದು, ಹಾಕಿ, ರಸ್ತೆಗೆ ತಂದರೆ ಕಾರು ಮೊದಲಿನ ಹಾಗೇ ಕುಟ್ಟುತ್ತಿತ್ತು. ಆ ಸೀಲಿನ ಹಣವನ್ನು ನಾನೇ ಭರಿಸಿದೆ. ನಮ್ಮ ಡಿಪ್ಲೊಮಾ ಮುಗಿಸಿದ ಹುಡುಗರು ಅದೇ ತಪ್ಪು ಮಾಡಬಾರದು ಅಂತ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಇಲ್ಲಿ ದೋಷವನ್ನು ತಪ್ಪಾಗಿ ಗುರುತಿಸಿದರೆ ಪಕ್ಕದ ಅಂಗಡಿಗೆ ಹೋಗಿ ಬೇರೆ ಸಾಮಾನು ತರುವ ಹಾಗಿಲ್ಲ, ಅಲ್ವಾ?

ಇದು ಹೇಗೆ ಕೆಲಸ ಮಾಡುತ್ತದೆ

ಈ ಕಾರಿನಲ್ಲಿ ಸ್ಪ್ರಿಂಗ್ ಇಲ್ಲ. ಪ್ರತಿ ಚಕ್ರಕ್ಕೆ ಒಂದು ಸಿಲಿಂಡರ್, ಅದರ ತುದಿಗೆ ಒಂದು ಉಕ್ಕಿನ ಗೋಳ. ಪುಸ್ತಕದಲ್ಲಿ ಸ್ಫಿಯರ್ ಎನ್ನುತ್ತಾರೆ, ನಾವು ಗುಂಡು ಎನ್ನುತ್ತೇವೆ. ಗುಂಡಿನ ಒಳಗೆ ಅಡ್ಡಲಾಗಿ ಒಂದು ರಬ್ಬರ್ ಪರದೆ, ಅದೇ ಡಯಾಫ್ರಮ್. ಪರದೆಯ ಒಂದು ಕಡೆ ನೈಟ್ರೋಜನ್, ಇನ್ನೊಂದು ಕಡೆ ಎಣ್ಣೆ. ಚಕ್ರ ಮೇಲೆದ್ದರೆ ಎಣ್ಣೆ ಗುಂಡಿನೊಳಗೆ ನುಗ್ಗುತ್ತದೆ, ಗ್ಯಾಸ್ ಅದುಮಿಕೊಳ್ಳುತ್ತದೆ. ಗ್ಯಾಸೇ ಸ್ಪ್ರಿಂಗ್. ಗುಂಡಿನ ಕುತ್ತಿಗೆಯಲ್ಲಿರುವ ಸಣ್ಣ ವಾಲ್ವ್ ಶಾಕ್ ಅಬ್ಸಾರ್ಬರ್ ಕೆಲಸ ಮಾಡುತ್ತದೆ. ಎಣ್ಣೆ ಆ ಸಣ್ಣ ದಾರಿಯಲ್ಲಿ ತೂರಿ ಹೋಗಬೇಕಲ್ಲ, ಅದಕ್ಕೇ ಕಾರು ತೂಗಾಡುತ್ತಾ ಉಳಿಯುವುದಿಲ್ಲ.

ಎಂಜಿನ್ ತಿರುಗಿಸುವ ಪಂಪ್ ಎಣ್ಣೆಗೆ ಒತ್ತಡ ಕೊಡುತ್ತದೆ. ಆ ಒತ್ತಡವನ್ನು ಕೂಡಿಡಲು ಬೇರೆಯದೇ ಒಂದು ಗುಂಡು ಇದೆ, ಅಕ್ಯುಮ್ಯುಲೇಟರ್. ಒತ್ತಡ ಸುಮಾರು 170 ಬಾರ್ ಆದಾಗ ರೆಗ್ಯುಲೇಟರ್ ಪಂಪಿನ ಎಣ್ಣೆಯನ್ನು ವಾಪಸ್ ಟ್ಯಾಂಕಿಗೆ ತಿರುಗಿಸುತ್ತದೆ. ಸುಮಾರು 145ಕ್ಕೆ ಇಳಿದಾಗ ಮತ್ತೆ ಒಳಗೆ ಬಿಡುತ್ತದೆ. ಹಾಗೆ ಬದಲಾಗುವಾಗ 'ಟಿಕ್' ಎಂಬ ಸದ್ದು ಬರುತ್ತದೆ. ಈ ಟಿಕ್ ನೆನಪಿಟ್ಟುಕೊಳ್ಳಿ. ಇನ್ನು ಹೈಟ್ ಕರೆಕ್ಟರ್ ಎಂಬ ವಾಲ್ವ್ ಇದೆ. ಹಿಂದೆ ಮೂರು ಜನ ಕೂತು ಕಾರು ತಗ್ಗಿದರೆ ಅದು ಎಣ್ಣೆ ಒಳಗೆ ಬಿಟ್ಟು ಮೊದಲಿನ ಎತ್ತರಕ್ಕೆ ತರುತ್ತದೆ, ಅವರು ಇಳಿದರೆ ಎಣ್ಣೆ ಹೊರಗೆ ಬಿಡುತ್ತದೆ.

ಇದನ್ನು ಮಾಡಿದ್ದು ಸಿಟ್ರೊಯೆನ್ ಕಂಪನಿಯ ಪೋಲ್ ಮಾಜೆಸ್. 1954ರಲ್ಲಿ ಟ್ರಾಕ್ಷನ್ ಅವಾಂ ಕಾರಿನ ಹಿಂದಿನ ಚಕ್ರಗಳಿಗೆ ಮಾತ್ರ ಬಂತು. 1955ರ ಪ್ಯಾರಿಸ್ ಮೋಟಾರ್ ಶೋದಲ್ಲಿ ಡಿಎಸ್ ಬಂದಾಗ ನಾಲ್ಕೂ ಚಕ್ರಕ್ಕೆ ಇತ್ತು, ಜೊತೆಗೆ ಬ್ರೇಕ್, ಸ್ಟೀರಿಂಗ್ ಎಲ್ಲಕ್ಕೂ ಅದೇ ಎಣ್ಣೆ. ಆಮೇಲೆ ರೋಲ್ಸ್ ರಾಯ್ಸ್ ತನ್ನ ಸಿಲ್ವರ್ ಶ್ಯಾಡೋಗೆ ಇದೇ ತಂತ್ರದ ಲೈಸೆನ್ಸ್ ಪಡೆಯಿತು.

ಒಂದು ಲೆಕ್ಕ, ಇದನ್ನು ಬಿಡಬೇಡಿ

ಪಿಯುಸಿಯಲ್ಲಿ ಓದಿದ ಬಾಯ್ಲ್ ನಿಯಮ ಇಲ್ಲಿ ಕೈಗೆ ಸಿಗುತ್ತದೆ. ಒತ್ತಡ ಗುಣಿಸು ಗಾತ್ರ, ಬದಲಾಗುವುದಿಲ್ಲ. ಲೆಕ್ಕಕ್ಕೆ ಅಂತ 400 ಸಿಸಿ ಗುಂಡು ತೆಗೆದುಕೊಳ್ಳಿ, ಒಳಗೆ 60 ಬಾರ್ ನೈಟ್ರೋಜನ್. ಗುಣಿಸಿದರೆ 24,000. ಕಾರಿನ ಭಾರಕ್ಕೆ ಎಣ್ಣೆಯ ಒತ್ತಡ 120 ಬಾರ್ ಇದೆ ಎನ್ನಿ. ಆಗ ಗ್ಯಾಸ್ 200 ಸಿಸಿಗೆ ಅದುಮಿಕೊಂಡಿರುತ್ತದೆ. ರಸ್ತೆಯ ಉಬ್ಬಿನಿಂದ ಒತ್ತಡ 140ಕ್ಕೆ ಏರಿತು. ಗ್ಯಾಸ್ ಸುಮಾರು 171 ಸಿಸಿಗೆ ಇಳಿಯುತ್ತದೆ. ಅಂದರೆ 29 ಸಿಸಿ ಎಣ್ಣೆ ಒಳಗೆ ಹೋಯಿತು, ಚಕ್ರ ಅಷ್ಟು ಮೇಲೆದ್ದಿತು.

ಈಗ ವರ್ಷಗಳು ಕಳೆದು ಗ್ಯಾಸ್ ಸೋರಿ 20 ಬಾರ್ ಮಾತ್ರ ಉಳಿದಿದೆ. ಗುಣಿಸಿದರೆ 8,000. ಅದೇ 120 ಬಾರಿಗೆ ಗ್ಯಾಸ್ 67 ಸಿಸಿ, 140ಕ್ಕೆ 57 ಸಿಸಿ. ಒಳಗೆ ಹೋದ ಎಣ್ಣೆ 10 ಸಿಸಿ ಕೂಡ ಪೂರ್ತಿ ಇಲ್ಲ. ಉಬ್ಬು ಅದೇ, ಹೊಡೆತ ಅದೇ, ಚಕ್ರಕ್ಕೆ ಸಿಕ್ಕ ಜಾಗ ಮಾತ್ರ ಮೂರರಲ್ಲಿ ಒಂದು ಪಾಲು. ಉಳಿದ ಹೊಡೆತ ಕಾರಿನ ಮೈಗೆ, ಕೂತವರ ಸೊಂಟಕ್ಕೆ.

ಇನ್ನೊಂದು ಗಮನಿಸಿ. ಎರಡೂ ಸಲ ಎಣ್ಣೆಯ ಒತ್ತಡ 120 ಬಾರೇ, ಕಾರನ್ನು ಹೊರುವ ಬಲವೂ ಅಷ್ಟೇ. ಗ್ಯಾಸ್ ಕುಗ್ಗಿದ ಜಾಗಕ್ಕೆ ಹೈಟ್ ಕರೆಕ್ಟರ್ ಎಣ್ಣೆ ತುಂಬಿಸುತ್ತದೆ, ಆದ್ದರಿಂದ ಕಾರು ತಗ್ಗುವುದೇ ಇಲ್ಲ. ಸ್ಪ್ರಿಂಗ್ ಕಾರಿನಲ್ಲಿ ಸ್ಪ್ರಿಂಗ್ ಸೋತರೆ ಕಾರು ಕೂರುತ್ತದೆ. ಇಲ್ಲಿ ಸ್ಪ್ರಿಂಗ್ ಸೋತರೆ ಕಾರು ನಿಂತೇ ಇರುತ್ತದೆ, ಕಲ್ಲಿನಂತೆ ಗಟ್ಟಿಯಾಗುತ್ತದೆ. ಕುಟ್ಟಿದರೆ ಗ್ಯಾಸಿನ ಕಡೆ ನೋಡಿ. ಕಾರು ಕೂತರೆ, ಏಳದಿದ್ದರೆ, ತಡವಾಗಿ ಎದ್ದರೆ ಎಣ್ಣೆಯ ಕಡೆ ನೋಡಿ. ಎತ್ತರ ಸರಿ ಇದೆ, ಆದರೆ ಕುಟ್ಟುತ್ತೆ ಅಂತ ಮಾಲೀಕರು ಹೇಳಿದ್ದು ಇದನ್ನೇ.

ಸಾಮಾನು ತರಿಸುವ ಮೊದಲು ನೋಡಬೇಕಾದ್ದು

ಎಂಜಿನ್ ಓಡುತ್ತಿರಲಿ, ಕಾರಿನ ಎತ್ತರ ಬದಲಿಸುವ ಲಿವರ್ ನಾರ್ಮಲ್‌ನಲ್ಲಿರಲಿ. ಬಂಪರ್ ಮೇಲೆ ಎರಡೂ ಕೈ ಊರಿ ಒತ್ತಿ. ಹಾಸಿಗೆ ಒತ್ತಿದ ಹಾಗೆ ಮೆತ್ತಗೆ ಇಳಿದು ಎದ್ದರೆ ಆ ಕಡೆಯ ಗುಂಡುಗಳು ಬದುಕಿವೆ. ಗೋಡೆ ಒತ್ತಿದ ಹಾಗಿದ್ದರೆ ಗ್ಯಾಸ್ ಇಲ್ಲ. ನಮ್ಮ ಡಿಎಸ್ ಹಿಂದೆ ಮೆತ್ತಗಿತ್ತು, ಮುಂದೆ ಅಲುಗಲಿಲ್ಲ. ಹತ್ತು ಸೆಕೆಂಡಿನ ಪರೀಕ್ಷೆ ಇದು. ಇದನ್ನು ಮೊದಲೇ ಮಾಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಆಮೇಲೆ ಟಿಕ್ ಎಣಿಸಿ. ಸ್ಟೀರಿಂಗ್ ಮುಟ್ಟಬೇಡಿ, ಬ್ರೇಕ್ ಒತ್ತಬೇಡಿ, ಸುಮ್ನೆ ಗಡಿಯಾರ ಹಿಡಿದು ಕೂರಿ. ಎರಡು ಟಿಕ್ ನಡುವೆ ಅರ್ಧ ನಿಮಿಷ ಅಥವಾ ಹೆಚ್ಚು ಇದ್ದರೆ ಒಳ್ಳೆಯದು. ಎರಡು ಮೂರು ಸೆಕೆಂಡಿಗೊಂದು ಬಂದರೆ ಅಕ್ಯುಮ್ಯುಲೇಟರ್ ಗುಂಡಿನ ಗ್ಯಾಸ್ ಹೋಗಿರಬಹುದು, ಇಲ್ಲವೇ ಯಾವುದೋ ವಾಲ್ವ್ ಒಳಗೇ ಸೋರುತ್ತಿರಬಹುದು. ಯಾವುದು ಎಂದು ತಿಳಿಯಲು ಟ್ಯಾಂಕಿಗೆ ಮರಳುವ ಪೈಪುಗಳನ್ನು ಒಂದೊಂದಾಗಿ ಬಿಚ್ಚಿ, ಯಾವುದರಲ್ಲಿ ಎಣ್ಣೆ ಜಾಸ್ತಿ ಬರುತ್ತಿದೆ ನೋಡಿ. ಎಂಜಿನ್ ನಿಲ್ಲಿಸಿದ ಮೇಲೆ ಕೆಲವು ಗಂಟೆಗಳಲ್ಲಿ ಡಿಎಸ್ ನಿಧಾನಕ್ಕೆ ಕೂರುವುದು ಸಹಜ, ಅದಕ್ಕೆ ಗಾಬರಿ ಬೇಡ. ಕೆಲವೇ ನಿಮಿಷದಲ್ಲಿ ಕೂತರೆ ಸೋರಿಕೆ ಹುಡುಕಿ.

ಎಣ್ಣೆ ಯಾವುದು ಎಂದು ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಹಳೆಯ ಡಿಎಸ್‌ಗಳಲ್ಲಿ ಕೆಂಪು ಎಲ್‌ಎಚ್‌ಎಸ್ ಇತ್ತು. 1966ರಿಂದ ಹಸಿರು ಎಲ್‌ಎಚ್‌ಎಂ ಬಂತು, ಅದು ಖನಿಜ ಎಣ್ಣೆ. ಎರಡಕ್ಕೂ ಬೇರೆ ಬೇರೆ ರಬ್ಬರ್. ಒಂದರಲ್ಲಿ ಇನ್ನೊಂದು ಸುರಿದರೆ, ಅಥವಾ ಹಸಿರಿನ ಕಾರಿಗೆ ಮಾಮೂಲಿ ಬ್ರೇಕ್ ಆಯಿಲ್ ಹಾಕಿದರೆ, ಒಳಗಿನ ಸೀಲುಗಳು ಉಬ್ಬಿ ಹಾಳಾಗುತ್ತವೆ. ನಮ್ಮ ಕಾರು ಹಸಿರಿನದು, ಆದರೆ ಟ್ಯಾಂಕಿನಲ್ಲಿದ್ದ ಎಣ್ಣೆ ಕಂದು ಬಣ್ಣಕ್ಕೆ ತಿರುಗಿತ್ತು. ಯಾರು ಏನು ಸುರಿದಿದ್ದರೋ ಗೊತ್ತಿರಲಿಲ್ಲ. ಚಹಾ ಕುಡಿಯುವ ಗ್ಲಾಸಿನಲ್ಲಿ ಅರ್ಧ ನೀರು ತುಂಬಿ, ಡ್ರಾಪರಿನಿಂದ ನಾಲ್ಕು ಹನಿ ಬಿಟ್ಟೆ. ಹನಿಗಳು ಮೇಲೆ ತೇಲಿದವು. ಸಾರಿನ ಮೇಲಿನ ಒಗ್ಗರಣೆ ಎಣ್ಣೆಯ ಹಾಗೆ ದುಂಡಗೆ ನಿಂತವು, ಕಲಕಿದರೂ ಬೆರೆಯಲಿಲ್ಲ. ಖನಿಜ ಎಣ್ಣೆಯೇ, ಹಳತಾಗಿದೆ ಅಷ್ಟೇ. ಪಕ್ಕದ ಗ್ಲಾಸಿಗೆ ಬ್ರೇಕ್ ಆಯಿಲ್ ಬಿಟ್ಟರೆ ಅದು ನೀರಿನಲ್ಲಿ ಕರಗಿಹೋಯಿತು. ನೀವೂ ಎರಡು ಗ್ಲಾಸ್ ಇಟ್ಟು ಒಮ್ಮೆ ನೋಡಿ, ಜನ್ಮದಲ್ಲಿ ಮರೆಯುವುದಿಲ್ಲ. ಆ ಗ್ಲಾಸುಗಳನ್ನು ಮತ್ತೆ ಚಹಾಕ್ಕೆ ಬಳಸಬೇಡಿ.

ಬಿಚ್ಚುವ ಮೊದಲು

ಎಣ್ಣೆಯ ಒತ್ತಡ ನಂಬಿ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ಒಂದು ಪೈಪ್ ಬಿಟ್ಟರೆ ಕಾರು ಒಮ್ಮೆಲೇ ನೆಲಕ್ಕೆ ಬರುತ್ತದೆ. ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೆಯೇ ತಲೆ ಒಳಗೆ ಹಾಕಿ. ಎತ್ತರದ ಲಿವರ್ ಪೂರ್ತಿ ಕೆಳಗಿಟ್ಟು, ರೆಗ್ಯುಲೇಟರಿನ ಬ್ಲೀಡ್ ಸ್ಕ್ರೂ ಒಂದು ಸುತ್ತು ಸಡಿಲಿಸಿ, ಬ್ರೇಕನ್ನು ಹಲವು ಸಲ ಒತ್ತಿ ಉಳಿದ ಒತ್ತಡ ಖಾಲಿ ಮಾಡಿ. ಸೋರುವ ಜಾಗವನ್ನು ಬೆರಳಿನಿಂದ ತಡವಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. 170 ಬಾರ್ ಎಣ್ಣೆ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಯಾವುದು ಇಲ್ಲಿ, ಯಾವುದು ಅಲ್ಲಿಂದ

ಎಲ್ಲವನ್ನೂ ಹೊರದೇಶದಿಂದ ತರಿಸಬೇಕಿಲ್ಲ. ಟ್ಯಾಂಕಿಗೆ ಮರಳುವ ಪೈಪುಗಳಲ್ಲಿ ಒತ್ತಡ ಕಡಿಮೆ. ನೈಟ್ರೈಲ್ ರಬ್ಬರಿನ ಒಳ್ಳೆಯ ಹೋಸ್ ಅಳತೆ ಹೊಂದಿದರೆ ಸಾಕು, ಪುಣೆಯ ನಾನಾ ಪೇಟೆ ಎಂಬ ಬಡಾವಣೆಯ ಅಂಗಡಿಗಳಲ್ಲಿ ಹುಡುಕಬಹುದು. ಒ-ರಿಂಗ್ ಕೂಡ ಹಾಗೆಯೇ. ಒಳ ಅಳತೆ, ದಪ್ಪ ಎರಡನ್ನೂ ವರ್ನಿಯರ್‌ನಲ್ಲಿ ಹಿಡಿದು ಬರೆದುಕೊಂಡು ಹೋಗಿ, ನೈಟ್ರೈಲ್ ಎಂದೇ ಕೇಳಿ. ಮಾಮೂಲಿ ಬ್ರೇಕಿನ ರಬ್ಬರುಗಳು ಹೆಚ್ಚಾಗಿ ಇಪಿಡಿಎಂ ಎಂಬ ಬೇರೆ ಜಾತಿಯವು. ನೋಡಲು ಎರಡೂ ಕಪ್ಪು, ಆದರೆ ಇಪಿಡಿಎಂ ಖನಿಜ ಎಣ್ಣೆಯಲ್ಲಿ ಉಬ್ಬಿಹೋಗುತ್ತದೆ. ಎಣ್ಣೆಯ ಡಬ್ಬದ ಮೇಲೆ ಎಲ್‌ಎಚ್‌ಎಂ ಅಥವಾ ಐಎಸ್‌ಒ 7308 ಎಂದಿರಬೇಕು. ಭೋಸರಿಯಲ್ಲಿ ಎಲ್ಲೆಂದರಲ್ಲಿ ಸಿಗುವ ಯಂತ್ರದ ಹೈಡ್ರಾಲಿಕ್ ಆಯಿಲ್ ಇದಕ್ಕಿಂತ ದಪ್ಪ, ಮತ್ತು ಇದೇ ಎಣ್ಣೆ ಬ್ರೇಕಿಗೂ ಹೋಗುತ್ತದೆ ಎಂಬುದು ನೆನಪಿರಲಿ.

ಗುಂಡು ಮಾತ್ರ ಇಲ್ಲಿ ಸಿಗುವುದಿಲ್ಲ. ತರಿಸಲು ಹೋದರೆ ಅದೇ ದೊಡ್ಡ ತಲೆನೋವು, ಏಕೆಂದರೆ ಗ್ಯಾಸ್ ತುಂಬಿದ ಗುಂಡು ಸಾಗಣೆಯ ಲೆಕ್ಕದಲ್ಲಿ ಅಪಾಯಕಾರಿ ಸರಕು. ಯುಎನ್ 3164 ಎಂಬ ನಂಬರಿನ ಕೆಳಗೆ ಬರುತ್ತದೆ. ವಿಮಾನದಲ್ಲಿ ಕಳಿಸಲು ಬೇರೆ ಕಾಗದಪತ್ರ ಬೇಕು, ಎಷ್ಟೋ ಕೊರಿಯರ್‌ನವರು ಮುಟ್ಟುವುದೇ ಇಲ್ಲ. ನನಗೆ ದಾರಿ ತೋರಿಸಿದ್ದು ಆ ಹಳೆಯ ಗುಂಡೇ. ಡಿಎಸ್‌ನ ಹಳೆಯ ಗುಂಡು ಎರಡು ಹೋಳು, ಒಂದಕ್ಕೊಂದು ತಿರುಪಿ ಕೂರಿಸಿದ್ದು. ಗ್ಯಾಸ್ ತುಂಬುವ ಪ್ಲಗ್ ನಿಧಾನಕ್ಕೆ ಸಡಿಲಿಸಿ ಗ್ಯಾಸ್ ಪೂರ್ತಿ ಬಿಟ್ಟ ಮೇಲೆ ತೆರೆಯಬಹುದು, ಅದಕ್ಕೂ ಮೊದಲು ಖಂಡಿತ ಬೇಡ. ಒಳಗಿನ ಪರದೆ ಮಾತ್ರ ಹೊಸದು ಬೇಕು. ಪರದೆ ಬರೀ ರಬ್ಬರ್, ಒಂದು ಲಕೋಟೆಯಲ್ಲಿ ಬರುತ್ತದೆ.

ನೈಟ್ರೋಜನ್ ತುಂಬಲು ಭೋಸರಿಯ ಕೈಗಾರಿಕಾ ಪ್ರದೇಶ ಎಂಐಡಿಸಿಗಿಂತ ಒಳ್ಳೆಯ ಜಾಗ ಬೇಡ. ಇಲ್ಲಿನ ಮೋಲ್ಡಿಂಗ್ ಮೆಷಿನ್ನುಗಳಲ್ಲೂ ಅಕ್ಯುಮ್ಯುಲೇಟರ್ ಇರುತ್ತವೆ, ಅವಕ್ಕೆ ಗ್ಯಾಸ್ ತುಂಬುವವರು ಇದ್ದಾರೆ. ನಾನು ಹೋದ ಶೆಡ್ಡಿನವರು ವಿಜಯಪುರದ ಕಡೆಯವರು. ಗುಂಡನ್ನು ಕೈಯಲ್ಲಿ ತಿರುವಿ ನೋಡಿ, "ತಮ್ಮಾ, ನಮ್ಮ ಮಷೀನಿಂದೂ ಇದ ಐತಿ, ಅಲ್ಲಿ ದೊಡ್ಡದು, ಇಲ್ಲಿ ಸಣ್ಣದು, ಅಷ್ಟ" ಅಂದರು. ಈ ಪ್ಲಗ್ಗಿಗೆ ಹೊಂದುವ ಒಂದು ಅಡಾಪ್ಟರನ್ನು ಲೇತಿನಲ್ಲಿ ಮಾಡಿಸಿದೆವು. ಎಷ್ಟು ಬಾರ್ ಎಂಬುದು ಗುಂಡಿನ ಮೇಲೆಯೇ ಕೊರೆದಿರುತ್ತದೆ, ಅದಕ್ಕಿಂತ ಹೆಚ್ಚು ಬೇಡ. ಗಾಳಿ ತುಂಬಿಸಿದರೆ ನಡೆಯುತ್ತಾ ಅಂತ ಒಬ್ಬ ಹುಡುಗ ಕೇಳಿದ. ಖಂಡಿತ ಇಲ್ಲ. ಗಾಳಿಯಲ್ಲಿ ಆಮ್ಲಜನಕ ಇದೆ. ಪರದೆ ಹರಿದು, ಅದು ಅಷ್ಟು ಒತ್ತಡದಲ್ಲಿ ಎಣ್ಣೆಗೆ ಸೇರಿದರೆ ಹೊತ್ತಿಕೊಳ್ಳಬಹುದು.

ತರಿಸುವ ಕಾಗದಪತ್ರ

ಹೆಸರು ಹೇಳಿ ಆರ್ಡರ್ ಮಾಡಬೇಡಿ, ಪಾರ್ಟ್ ನಂಬರ್ ಹೇಳಿ. ಡಿಎಸ್ ಸಾಮಾನಿನ ಎಷ್ಟೋ ನಂಬರುಗಳು ಡಿಎಕ್ಸ್ ಎಂದು ಶುರುವಾಗುತ್ತವೆ. ಹಸಿರು ಎಣ್ಣೆಗೋ ಕೆಂಪು ಎಣ್ಣೆಗೋ ಎಂಬುದನ್ನು ಬರೆದೇ ಕೇಳಿ. ಫ್ರಾನ್ಸ್, ನೆದರ್‌ಲ್ಯಾಂಡ್ಸ್ ಕಡೆ ಈ ಕಾರಿನ ಸಾಮಾನು ಮಾತ್ರ ಮಾರುವವರು ಇದ್ದಾರೆ, ಫೋಟೋ ಕಳಿಸಿದರೆ ತಾಳ್ಮೆಯಿಂದ ಉತ್ತರ ಕೊಡುತ್ತಾರೆ. ಆದರೆ ಅಲ್ಲಿ ಪಂಪ್, ಹೈಟ್ ಕರೆಕ್ಟರ್ ಥರದ ಸಾಮಾನನ್ನು ಹೆಚ್ಚಾಗಿ ಬದಲಿಗೆ ಕೊಡುವ ಪದ್ಧತಿ. ನೀವು ಹಳೆಯದನ್ನು ವಾಪಸ್ ಕಳಿಸಬೇಕು, ಅಲ್ಲಿವರೆಗೆ ಡಿಪಾಸಿಟ್ ಹಿಡಿದಿರುತ್ತಾರೆ. ನಮಗೆ ಅದು ಎರಡು ಕಡೆಯ ಸಾಗಣೆ ಖರ್ಚು. ಜೊತೆಗೆ ಬಳಸಿದ ಬಿಡಿಭಾಗಗಳ ಆಮದು ನಮ್ಮ ದೇಶದಲ್ಲಿ ನಿರ್ಬಂಧಿತ, ಅನುಮತಿ ಬೇಕು. ಹಾಗಾಗಿ ಹೊಸ ಸೀಲ್ ಕಿಟ್ ತರಿಸಿ ಇಲ್ಲೇ ಕೂರಿಸುವುದು ಲೇಸು.

ತೆರಿಗೆಯ ಲೆಕ್ಕ ಹೀಗೆ. ಸಾಮಾನಿನ ಬೆಲೆ, ಸಾಗಣೆ, ವಿಮೆ ಮೂರೂ ಸೇರಿ 20,000 ರೂಪಾಯಿ ಎನ್ನಿ. ಕಸ್ಟಮ್ಸ್ ಸುಂಕ 15% ಇದ್ದರೆ 3,000. ಆ ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್, 300. ಒಟ್ಟು 23,300. ಇದರ ಮೇಲೆ ಆಮದಿಗೆ ಹಾಕುವ ಜಿಎಸ್‌ಟಿ, ಅಂದರೆ ಐಜಿಎಸ್‌ಟಿ, 18% ಎಂದರೆ 4,194. ಕೈಗೆ ಬರುವಾಗ 27,494. ವಾಹನದ ಬಿಡಿಭಾಗಗಳ ಮೇಲೆ 28% ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18% ಆಗಿದೆ. ಸುಂಕದ ದರ ಬಜೆಟ್ಟಿನಲ್ಲಿ ಬದಲಾಗಬಹುದು, ಸಾಮಾನಿನ ವರ್ಗದ ಮೇಲೂ ಬದಲಾಗುತ್ತದೆ. ಸಸ್ಪೆನ್ಷನ್ ಭಾಗ ಕಸ್ಟಮ್ಸ್ ವರ್ಗದ ನಂಬರ್ 8708 80ರಲ್ಲಿ ಬರುತ್ತದೆ, ಬರೀ ರಬ್ಬರ್ ಸಾಮಾನನ್ನು 4016ಕ್ಕೆ ಹಾಕಬಹುದು. ಆರ್ಡರ್ ಮಾಡುವ ದಿನ ದರ ನೋಡಿಕೊಳ್ಳಿ. ಬೆಲೆ ಕಡಿಮೆ ಬರೆಯಿರಿ ಎಂದು ಮಾರುವವರನ್ನು ಕೇಳಬೇಡಿ, ಅದು ತಪ್ಪು. ಮಾಲೀಕರ ಸ್ವಂತ ಬಳಕೆಗೆ ಅವರ ಹೆಸರಲ್ಲೇ, ಅವರ ಕೆವೈಸಿ ಕೊಟ್ಟು ತರಿಸಿದರೆ ಆಮದುದಾರರ ಕೋಡ್ ಬೇಕಾಗುವುದಿಲ್ಲ. ಗ್ಯಾರೇಜು ವ್ಯಾಪಾರಕ್ಕೆ ತರಿಸಿದರೆ ಬೇಕು.

ಜೋಡಿಸಿದ ಮೇಲೆ

ಗುಂಡನ್ನು ಕೈಯಲ್ಲೇ ತಿರುಪಿ ಬಿಗಿ ಮಾಡಿ, ಪಾನಾ ಹಾಕಿ ಹಿಂಡಬೇಡಿ. ಒತ್ತಡವೇ ಸೀಲನ್ನು ಕೂರಿಸುತ್ತದೆ. ಬ್ಲೀಡ್ ಸ್ಕ್ರೂ ತೆರೆದೇ ಎಂಜಿನ್ ಶುರು ಮಾಡಿ, ಗಾಳಿ ಹೋದ ಮೇಲೆ ಮುಚ್ಚಿ. ಲಿವರನ್ನು ಮೇಲೆ ಕೆಳಗೆ ನಾಲ್ಕೈದು ಸಲ ಆಡಿಸಿ. ಟ್ಯಾಂಕಿನ ಮಟ್ಟ ನೋಡುವುದು ಎಂಜಿನ್ ಓಡುತ್ತಾ, ಕಾರು ಪೂರ್ತಿ ಮೇಲೆದ್ದಿರುವಾಗ ಮಾತ್ರ. ಕೂತ ಕಾರಿನಲ್ಲಿ ನೋಡಿ ತುಂಬಿಸಿದರೆ ಲೆಕ್ಕ ತಪ್ಪುತ್ತದೆ.

ನಮ್ಮ ಡಿಎಸ್ ಮೊದಲ ಸಲ ಎದ್ದಾಗ ಮುಂಭಾಗ ನಿಧಾನಕ್ಕೆ, ಮಲಗಿದ್ದ ಎಮ್ಮೆ ಏಳುವ ಹಾಗೆ ಎದ್ದಿತು. ಬಂಪರ್ ಒತ್ತಿದೆ, ಮೆತ್ತಗೆ ಇಳಿಯಿತು. ಟಿಕ್ ನಡುವೆ 40 ಸೆಕೆಂಡ್. ಮಾಲೀಕರು ಮರುದಿನವೇ ಖಂಬಾಟ್ಕಿ ಘಾಟ್ ದಾಟಿ ಧಾರವಾಡಕ್ಕೆ ಹೋಗಿ ಬಂದರು. ಎರಡೂ ಗುಂಡಿನ ಮೇಲೆ ಬಿಳಿ ಬಣ್ಣದಲ್ಲಿ ಗ್ಯಾಸ್ ತುಂಬಿದ ತಿಂಗಳು, ವರ್ಷ ಬರೆದಿದ್ದೇನೆ. ಚೆನ್ನಾಗಿರುವ ಪರದೆಯಿಂದಲೂ ನೈಟ್ರೋಜನ್ ವರ್ಷ ವರ್ಷ ಸ್ವಲ್ಪ ಸ್ವಲ್ಪ ಸೋರುತ್ತದೆ. ಮುಂದೆ ಆ ಕಾರು ನಿಮ್ಮಲ್ಲಿ ಯಾರ ಕೈಗೆ ಬಂದರೂ ಮೊದಲು ಆ ತಾರೀಕು ನೋಡಿ, ಆಮೇಲೆ ಬಂಪರ್ ಒತ್ತಿ.